ಹಾಜರಿ ಮತ್ತು ಸಾನ್ನಿಧ್ಯ

ಕಳೆದ ಅವಧಿಯಲ್ಲಿ ಒಂದು ಮಳೆಯ ಮಧ್ಯಾಹ್ನ. ಪಾಠ ಹೇಳುವ ಉತ್ಸಾಹ ನನಗೂ ಇರಲಿಲ್ಲ, ಕೇಳುವ ಉತ್ಸಾಹ ಹುಡುಗರಿಗೂ ಇರಲಿಲ್ಲ. ಎರಡನೆಯ ವರ್ಷದ ಬಿ.ಎ. ವಿದ್ಯಾರ್ಥಿಗಳಿಗೆ ಒಂದು ಪ್ರಬಂಧ ಬರೆಯಲು ಹೇಳಿದೆ. “ಪಾಠವನ್ನು ಕಾಲೇಜಿಗೆ ಬಂದು ಕೇಳುವುದು ಮೇಲೋ, ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಕೇಳುವುದು ಮೇಲೋ?” ಎಂಬುದು ವಿಷಯ. ಅಧ್ಯಾಪಕರು ಪ್ರಬಂಧ ಬರೆಸುವುದು ಬಹುಮಟ್ಟಿಗೆ ತಮಗೆ ವಿಶ್ರಾಂತಿ ಬೇಕಾದಾಗ ಎಂಬ ಗುಟ್ಟು ವಿದ್ಯಾರ್ಥಿಗಳಿಗೆ ತಿಳಿಯದ್ದೇನೂ ಅಲ್ಲ. ಆದರೂ ಬರೆದರು. ಇಂಥ ಪ್ರಬಂಧಗಳನ್ನು ತಿದ್ದುವುದೆಂದರೆ ಸಾಮಾನ್ಯವಾಗಿ ಕಾಗುಣಿತವನ್ನು ತಿದ್ದುವುದೆಂದೇ ಅರ್ಥ. ಅಂದು ರಾತ್ರಿ ಕಟ್ಟನ್ನು ಬಿಚ್ಚಿ ಕುಳಿತವನು ಹನ್ನೊಂದು ಗಂಟೆಯಾದರೂ ಕೆಂಪು ಪೆನ್ನನ್ನು ಮುಟ್ಟಿರಲಿಲ್ಲ.

ಈ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ನಮಗಿಂತ ಅವರಿಗೇ ಹೆಚ್ಚು. 2020ರ ಮಾರ್ಚಿ ತಿಂಗಳಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ಇವರೆಲ್ಲ ಹೈಸ್ಕೂಲಿನ ಆಸುಪಾಸಿನಲ್ಲಿದ್ದ ಮಕ್ಕಳು. ಕೆಲವರು ಅಪ್ಪನ ಮೊಬೈಲಿನಲ್ಲಿ ಬೀಜಗಣಿತ ಕಲಿತರು. ಕೆಲವರು ಆ ವರ್ಷ ಆಗಸ್ಟಿನಲ್ಲಿ ಸರ್ಕಾರ ಆರಂಭಿಸಿದ ‘ವಿದ್ಯಾಗಮ’ದಲ್ಲಿ ದೇವಸ್ಥಾನದ ಜಗುಲಿಯ ಮೇಲೋ ಅರಳಿಕಟ್ಟೆಯ ಮೇಲೋ ಮೇಷ್ಟ್ರೊಡನೆ ಕುಳಿತರು, ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಎರಡೂ ಇಲ್ಲದವರು ದನ ಕಾಯ್ದರು. ಈಗಲೂ ಇವರಲ್ಲಿ ಅನೇಕರು ಹಗಲು ನಮ್ಮ ಪಾಠ ಕೇಳಿ, ರಾತ್ರಿ ಸ್ಪರ್ಧಾತ್ಮಕ ಪರೀಕ್ಷೆಯ ಪಾಠವನ್ನು ಮೊಬೈಲಿನಲ್ಲಿ ಕೇಳುತ್ತಾರೆ. ಎರಡು ಬಗೆಯ ಊಟವನ್ನೂ ಉಂಡವರಿಗೆ ಯಾವುದರಲ್ಲಿ ಉಪ್ಪು ಕಡಿಮೆ ಎಂದು ಹೇಳುವ ಹಕ್ಕಿದೆ.

ನಾನು ನಿರೀಕ್ಷಿಸಿದ್ದ ಉತ್ತರ ಎರಡೇ ಬಗೆಯದು. ಸೋಮಾರಿಗಳು ಮನೆ ಮೇಲೆನ್ನುತ್ತಾರೆ, ಶ್ರದ್ಧಾವಂತರು ಕಾಲೇಜು ಮೇಲೆನ್ನುತ್ತಾರೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ನಿತ್ಯ ಮೊದಲ ಬೆಂಚಿನಲ್ಲಿ ಕುಳಿತು ಒಂದು ಮಾತನ್ನೂ ಬಿಡದೆ ಬರೆದುಕೊಳ್ಳುವ ಹುಡುಗಿಯೊಬ್ಬಳು ಮೊಬೈಲಿನ ಪರವಾಗಿ ವಾದಿಸಿದ್ದಳು. ಅವಳ ಊರಿನಿಂದ ಕಾಲೇಜಿಗೆ ಎರಡು ಬಸ್ಸು ಬದಲಾಯಿಸಬೇಕು. 2023ರ ಜೂನ್‌ನಿಂದ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿಲ್ಲ. “ಸರ್ಕಾರದವರು ನನ್ನ ದುಡ್ಡನ್ನು ಬಿಟ್ಟಿದ್ದಾರೆ ಸಾರ್, ದಿನಕ್ಕೆ ನಾಲ್ಕು ಗಂಟೆ ಹೊತ್ತನ್ನು ಬಿಟ್ಟಿಲ್ಲ” ಎಂದು ಅವಳು ಬರೆದಿದ್ದಳು. ಮಾತನಾಡುವಾಗ ತೊದಲುವ ಹುಡುಗನೊಬ್ಬ ಆನ್‌ಲೈನ್ ಪಾಠದಲ್ಲಿ ಪ್ರಶ್ನೆಯನ್ನು ಬೆರಳಿನಿಂದ ಬರೆದು ಕೇಳುತ್ತಿದ್ದನಂತೆ. “ಆಗ ಯಾರೂ ತಿರುಗಿ ನೋಡುತ್ತಿರಲಿಲ್ಲ” ಎಂಬುದು ಅವನ ಮಾತು. ಎರಡು ವರ್ಷ ಅವನಿಗೆ ಪಾಠ ಹೇಳಿದ ನಾನು ಅವನಿಗೆ ಪ್ರಶ್ನೆಗಳೇ ಇಲ್ಲವೆಂದು ತಿಳಿದಿದ್ದೆ.

ಕಾಲೇಜಿನ ಪರವಾಗಿ ಅತ್ಯಂತ ಬಲವಾಗಿ ವಾದಿಸಿದವನು ಕೊನೆಯ ಬೆಂಚಿನ ಖಾಯಂ ನಿವಾಸಿ. ಅವನ ವಾದದಲ್ಲಿ ಕಪಟವಿರಲಿಲ್ಲ. “ಪಾಠ ಎಲ್ಲಿ ಬೇಕಾದರೂ ಸಿಕ್ಕುತ್ತದೆ. ಗೆಳೆಯರು ಇಲ್ಲಿ ಮಾತ್ರ ಸಿಕ್ಕುತ್ತಾರೆ.” ಇನ್ನೊಬ್ಬಳು ಬರೆದದ್ದನ್ನು ನಾನು ಎರಡು ಸಲ ಓದಿದೆ. “ಮನೆಯಲ್ಲಿ ಪಾಠ ಕೇಳುವಾಗ ನಾನು ಮನೆಯ ಹುಡುಗಿ. ಹಾಲು ಉಕ್ಕೀತು ನೋಡು, ತಮ್ಮನನ್ನು ಎತ್ತಿಕೋ, ಬಾಗಿಲು ಯಾರೋ ತಟ್ಟುತ್ತಿದ್ದಾರೆ ಹೋಗು ಎನ್ನುತ್ತಿದ್ದರು. ಪಾಠ ನಡೆಯುತ್ತಿದೆ ಎಂದರೆ, ‘ಕೇಳುವುದು ಕಿವಿ ತಾನೆ, ಕೈ ಬಿಡುವಾಗಿದೆಯಲ್ಲ’ ಎನ್ನುತ್ತಿದ್ದರು. ಕಾಲೇಜಿನ ಬೆಂಚಿನ ಮೇಲೆ ಕುಳಿತ ಒಂದು ಗಂಟೆ ಮಾತ್ರ ನನ್ನದು.”

ನನಗೆ ನೇರವಾಗಿ ತಟ್ಟುವಂತೆ ಬರೆದವರೂ ಇದ್ದರು. “ನೀವು ನೋಟ್ಸ್ ಬರೆಸುವ ದಿನ ಕಾಲೇಜಿಗೆ ಬರುವುದು ದಂಡ ಸಾರ್, ತಪ್ಪು ತಿಳಿಯಬೇಡಿ” ಎಂದು ಒಬ್ಬ. ಮತ್ತೊಬ್ಬನ ಪ್ರಬಂಧ ಒಂದೇ ಸಾಲಿನದು. ಮಳೆ ನಿಲ್ಲುತ್ತಲೇ ಎದ್ದುಹೋಗುವ ಆತುರದಲ್ಲಿ ಬರೆದದ್ದಿರಬೇಕು. “ಆನ್‌ಲೈನಿನಲ್ಲೂ ನಾವು ಇರಲಿಲ್ಲ, ತರಗತಿಯಲ್ಲೂ ಇರುವುದಿಲ್ಲ.” ಅಂಕ ಕೊಡುವುದಾದರೆ ಸೊನ್ನೆಯನ್ನಾದರೂ ಕೊಡಬೇಕು, ಪೂರ್ಣಾಂಕವನ್ನಾದರೂ ಕೊಡಬೇಕು. ನಾನು ಏನನ್ನೂ ಕೊಡಲಾರದೆ ಹಾಳೆಯನ್ನು ಪಕ್ಕಕ್ಕಿಟ್ಟೆ.

ಈ ವಿಷಯವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಅನುಕೂಲ ಅನನುಕೂಲಗಳ ಪಟ್ಟಿಯಲ್ಲಿ ಮುಗಿದುಹೋಗುತ್ತದೆ. ಬಸ್ಸಿನ ಹೊತ್ತು ಉಳಿಯುತ್ತದೆ, ಕಣ್ಣು ನೋಯುತ್ತದೆ. ಪಾಠವನ್ನು ಮತ್ತೆ ಕೇಳಬಹುದು, ಸಂಕೇತ ಸಿಕ್ಕುವುದಿಲ್ಲ. ಇವೆಲ್ಲ ನಿಜವೇ. ಮಲೆನಾಡಿನಲ್ಲಿ ಸಂಕೇತಕ್ಕಾಗಿ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದ ಮಕ್ಕಳ ಚಿತ್ರಗಳನ್ನು ಆಗ ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೇವೆ. ಆದರೆ ಅನುಕೂಲದ ಪ್ರಶ್ನೆ ಇಂಜಿನಿಯರುಗಳು ಬಿಡಿಸಬಹುದಾದ ಪ್ರಶ್ನೆ. ಗುಡ್ಡದ ಮೇಲೆ ಗೋಪುರ ನೆಟ್ಟರೆ ಅರ್ಧ ಬಗೆಹರಿಯಿತು. ಒಂದು ಸಾಲಿನ ಆ ಹುಡುಗ ಎತ್ತಿದ ಪ್ರಶ್ನೆ ಮಾತ್ರ ಯಾವ ಗೋಪುರದಿಂದಲೂ ಬಗೆಹರಿಯತಕ್ಕದ್ದಲ್ಲ. ಒಬ್ಬ ಮನುಷ್ಯ ಒಂದು ಕಡೆ ‘ಇದ್ದಾನೆ’ ಎನ್ನುವುದರ ಅರ್ಥವೇನು? ಅವನು ಅಲ್ಲಿರಬೇಕೆಂದು ಇನ್ನೊಬ್ಬ ಮನುಷ್ಯ ಯಾವ ಹಕ್ಕಿನಿಂದ ಕೇಳಬಹುದು?

ನಮ್ಮ ಕಾಲೇಜುಗಳಲ್ಲಿ ಇದಕ್ಕೆ ಸಿದ್ಧವಾದ ಉತ್ತರವೊಂದಿದೆ. ಅದರ ಹೆಸರು ಹಾಜರಿ ಪುಸ್ತಕ. ಶೇಕಡ 75ರಷ್ಟು ಹಾಜರಿಯಿಲ್ಲದವನಿಗೆ ಪರೀಕ್ಷೆಯಿಲ್ಲ. ಘಂಟೆ ಬಾರಿಸಿದ ಕೂಡಲೆ ನಾವು ಕ್ರಮಾಂಕಗಳನ್ನು ಕೂಗುತ್ತೇವೆ, ಅವರು “ಎಸ್ ಸಾರ್” ಎನ್ನುತ್ತಾರೆ. ಗೆಳೆಯನಿಗಾಗಿ ಧ್ವನಿ ಬದಲಿಸಿ ಕೂಗುವ ವಿದ್ಯೆ ನಮ್ಮ ಕಾಲದಲ್ಲೂ ಇತ್ತು, ಈಗಲೂ ಇದೆ. ಅಂದಮೇಲೆ ಪುಸ್ತಕದಲ್ಲಿ ದಾಖಲಾಗುವುದು ಏನು? ಒಂದು ದೇಹ ಒಂದು ಬೆಂಚಿನ ಮೇಲಿತ್ತು, ಅಥವಾ ಅದರ ಪರವಾಗಿ ಇನ್ನೊಂದು ಗಂಟಲು ಕೂಗಿತು ಎಂಬುದಿಷ್ಟೆ. ಮನಸ್ಸು ಎಲ್ಲಿತ್ತೆಂಬುದಕ್ಕೆ ಆ ಪುಸ್ತಕದಲ್ಲಿ ಕಾಲಮ್ಮಿಲ್ಲ.

ಅಧ್ಯಾಪಕರ ಕೊಠಡಿಯಲ್ಲಿ ಈ ಮಾತೆತ್ತಿದಾಗ ಸಂಸ್ಕೃತದ ಗೆಳೆಯರು, ಉಪನಿಷತ್ತು ಎಂಬ ಮಾತಿನಲ್ಲೇ ಹತ್ತಿರ ಕುಳಿತುಕೊಳ್ಳುವ ಅರ್ಥವಿದೆ, ಗುರುವಿನ ಸಾನ್ನಿಧ್ಯವಿಲ್ಲದೆ ವಿದ್ಯೆಯಿಲ್ಲ ಎಂದರು. ಮಾತು ದೊಡ್ಡದು, ಒಪ್ಪುವುದೂ ಸುಲಭ. ಆದರೆ ಗುರುವಿನ ಹತ್ತಿರ ಕುಳಿತುಕೊಳ್ಳಲು ಯಾರಿಗೆ ಬಿಟ್ಟಿದ್ದರು, ಯಾರಿಗೆ ಬಿಟ್ಟಿರಲಿಲ್ಲ ಎಂಬುದನ್ನೂ ಅದರೊಡನೆಯೇ ನೆನೆಯಬೇಕಾಗುತ್ತದೆ. ಹತ್ತಿರಕ್ಕೆ ಬಿಟ್ಟುಕೊಳ್ಳದ ಕಾರಣದಿಂದಲೇ ಏಕಲವ್ಯ ಮಣ್ಣಿನ ದ್ರೋಣನ ಮುಂದೆ ಕಲಿಯಬೇಕಾಯಿತು. ಈ ಕಥೆಯನ್ನು ಮುಂದೆ ಮತ್ತೆ ಎತ್ತಿಕೊಳ್ಳುತ್ತೇನೆ.

ದೂರದಿಂದ ಕಲಿಯುವುದು ನಿನ್ನೆ ಮೊನ್ನೆಯ ವಿಚಾರವಲ್ಲ. ಪುಸ್ತಕವೇ ಮೊದಲನೆಯ ದೂರಶಿಕ್ಷಣ. ಪ್ಲೇಟೋವಿನ ‘ಫೀಡ್ರಸ್’ ಸಂವಾದದಲ್ಲಿ ಸಾಕ್ರೆಟೀಸನು ಬರೆವಣಿಗೆಯ ಮೇಲೆ ಒಂದು ದೂರು ಹೇಳುತ್ತಾನೆ. ಬರೆದ ಮಾತು ಚಿತ್ರದಂತೆ. ಜೀವವಿರುವ ಹಾಗೆ ಕಾಣುತ್ತದೆ, ಪ್ರಶ್ನೆ ಕೇಳಿದರೆ ಸುಮ್ಮನಿರುತ್ತದೆ, ಯಾರು ಬಂದರೂ ಹೇಳಿದ್ದನ್ನೇ ಹೇಳುತ್ತದೆ ಎಂಬುದು ಅದರ ಸಾರ. ಎರಡು ಸಾವಿರದ ಮುನ್ನೂರು ವರ್ಷಕ್ಕೂ ಹಿಂದಿನ ಈ ದೂರು ಇಂದಿನ ವಿಡಿಯೋ ಪಾಠಕ್ಕೆ ಅಕ್ಷರಶಃ ಒಪ್ಪುತ್ತದೆ. ತಮಾಷೆಯೆಂದರೆ, ಆ ದೂರು ನಮ್ಮ ತನಕ ಬಂದು ಮುಟ್ಟಿರುವುದು ಪ್ಲೇಟೋ ಅದನ್ನು ಬರೆದಿಟ್ಟ ಕಾರಣದಿಂದಲೇ. ದೂರವನ್ನು ಬಯ್ಯುವವನೂ ದೂರದ ಉಪಕಾರವನ್ನು ಹೊತ್ತಿರುತ್ತಾನೆ.

ನಮ್ಮ ನಾಡಿನಲ್ಲೇ ನೋಡಬಹುದು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ತೆರೆದು ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಸಲ್ಲುವಂತೆ ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ತರಗತಿಯಲ್ಲಿ ಮಾತನಾಡುವುದೇ ವೃತ್ತಿಯಾಗಿದ್ದವರು ತರಗತಿಯ ಗೋಡೆಗಳ ಆಚೆಗೂ ಮಾತು ಹೋಗಲೆಂದು ಬಯಸಿದರು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆಯ ಮೂಲಕ ಪಾಠ ಕಳಿಸುವ ವ್ಯವಸ್ಥೆಯನ್ನು ತೆರೆಯಿತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಕಚೇರಿಯ ಗುಮಾಸ್ತರು, ಹಳ್ಳಿಯ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು, ಮಕ್ಕಳನ್ನು ಮಲಗಿಸಿದ ಮೇಲೆ ಪುಸ್ತಕ ತೆರೆದ ತಾಯಂದಿರು ಕಂದು ಲಕೋಟೆಯಲ್ಲಿ ಬಂದ ಪಾಠಗಳನ್ನು ಓದಿ ಬಿ.ಎ. ಮಾಡಿದರು, ಎಂ.ಎ. ಮಾಡಿದರು. ಇವರು ಕಲಿತದ್ದು ಕಲಿಕೆಯಲ್ಲ ಎನ್ನುವ ಧೈರ್ಯ ನನಗಿಲ್ಲ. ಹಾಗೆನ್ನುವುದು ಅಹಂಕಾರವಾಗುತ್ತದೆ.

ಹಾಗಾದರೆ ಕೊಠಡಿಯಲ್ಲಿ ದೊರೆಯುವುದೇನು? ಅದು ನನಗೆ ತಿಳಿದದ್ದು ಅದಿಲ್ಲದೆ ಹೋದಾಗ. 2020ರ ಸೆಪ್ಟೆಂಬರಿನಲ್ಲಿ ಪದವಿ ತರಗತಿಗಳಿಗೆ ಆನ್‌ಲೈನಿನಲ್ಲಿ ಹೊಸ ವರ್ಷದ ಪಾಠ ಆರಂಭವಾಯಿತು. ನಾನು ಮನೆಯ ನಡುಮನೆಯಲ್ಲಿ, ಹಿಂದೆ ಬಟ್ಟೆ ಒಣಗಿಸುವ ಹಗ್ಗ ಕಾಣದಂತೆ ಕುರ್ಚಿ ಸರಿಸಿಕೊಂಡು, ರನ್ನನ ಗದಾಯುದ್ಧವನ್ನು ಪಾಠ ಮಾಡಿದೆ. ಎದುರಿಗೆ ಮುಖಗಳಿರಲಿಲ್ಲ. ಕಪ್ಪು ಚೌಕಗಳು, ಒಂದೊಂದರಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ. ಮೊಬೈಲಿನ ಹಣ ಬೇಗ ಕರಗಬಾರದೆಂದು ಅವರು ತಮ್ಮ ಚಿತ್ರವನ್ನು ಮುಚ್ಚಿದ್ದರು. ಮನೆಯ ಸದ್ದು ಕೇಳಬಾರದೆಂದು ಧ್ವನಿಯನ್ನೂ ಮುಚ್ಚಿದ್ದರು. ಎರಡೂ ನ್ಯಾಯವೇ. ನಾನು ಪ್ರತಿವರ್ಷ ಹೇಳುವ ಒಂದು ಹಾಸ್ಯವನ್ನು ಹೇಳಿದೆ. ನಗು ಕೇಳಿಸಲಿಲ್ಲ. ಹಾಸ್ಯ ಸತ್ತಿತೋ, ಎಲ್ಲೋ ಮೂವತ್ತು ಮನೆಗಳಲ್ಲಿ ಮೂವತ್ತು ಮಂದಿ ಒಬ್ಬೊಬ್ಬರೇ ನಕ್ಕರೋ, ತಿಳಿಯುವ ದಾರಿಯಿರಲಿಲ್ಲ.

ಆ ಪಾಠದ ಭಾಗವಾದರೂ ಎಂಥದು! ದುರ್ಯೋಧನ ರಣರಂಗದಲ್ಲಿ ನಡೆಯುತ್ತಾನೆ. ದ್ರೋಣನನ್ನು ಕಾಣುತ್ತಾನೆ, ತಮ್ಮನನ್ನು ಕಾಣುತ್ತಾನೆ, ಕರ್ಣನನ್ನು ಕಾಣುತ್ತಾನೆ. ಒಬ್ಬೊಬ್ಬರ ಮುಂದೆಯೂ ನಿಂತು ಮಾತನಾಡಿಸುತ್ತಾನೆ. ಯಾರೂ ಓಗೊಡುವುದಿಲ್ಲ. ಕರೆದವನಿಗೆ ಓ ಎನ್ನದ ನಿಶ್ಶಬ್ದ ಎಷ್ಟು ಭಾರವಾದದ್ದೆಂದು ಅನೇಕ ವರ್ಷಗಳಿಂದ ವಿವರಿಸುತ್ತಿದ್ದವನಿಗೆ ಅಂದು ಅದರ ಒಂದು ತುಣುಕು ಅನುಭವಕ್ಕೆ ಬಂತು. ನಮ್ಮ ಭಾಷೆಯ ಈ ‘ಓಗೊಡು’ ಎಂಬ ಮಾತಿನ ಬೆಲೆ ಆಗ ಗೊತ್ತಾಯಿತು. ಕೂಗಿದವನಿಗೆ ಮರುದನಿ ಕೊಡುವುದು, ಇದ್ದೇನೆ ಎನ್ನುವುದು. ಎದುರಿಗೆ ಕುಳಿತ ಹುಡುಗಿಯ ಹುಬ್ಬು ಗಂಟಿಕ್ಕಿದರೆ ನನ್ನ ವಾಕ್ಯ ಅರ್ಧದಲ್ಲೇ ದಾರಿ ಬದಲಿಸುತ್ತದೆ. ಯಾರೋ ಆಕಳಿಸಿದರೆ ಕಥೆಯೊಂದು ನೆನಪಾಗುತ್ತದೆ. ಅವರು ಬಾಯಿ ತೆರೆಯದೆಯೂ ಓಗೊಡುತ್ತಿದ್ದರು. ಅದನ್ನು ನಾನು ನನ್ನ ವಾಗ್ಮಿತೆ ಎಂದುಕೊಂಡಿದ್ದೆ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಕೊಠಡಿಯ ಪರವಾದ ವಾದವಾಗಿ ಮುಗಿಯುತ್ತದೆ. ಆದರೆ ಅದೇ ವರ್ಷದ ಇನ್ನೊಂದು ಸಂಗತಿಯನ್ನು ಹೇಳದೆ ಬಿಟ್ಟರೆ ಅಪ್ರಾಮಾಣಿಕತೆಯಾಗುತ್ತದೆ.

ಆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯಿದ್ದ. ನಿತ್ಯ ಪಾಠಕ್ಕೆ ಸರಿಯಾದ ಹೊತ್ತಿಗೆ ಅವನ ಹೆಸರು ಪಟ್ಟಿಯಲ್ಲಿ ಕಾಣುತ್ತಿತ್ತು. ಕೊನೆಯ ತನಕ ಇರುತ್ತಿತ್ತು. ಎಂದೂ ಮಾತನಾಡಲಿಲ್ಲ. 2020ರ ನವೆಂಬರ್ 17ರಂದು ಕಾಲೇಜಿನ ಬಾಗಿಲು ತೆರೆದರೂ ಬರುವುದು ಬಿಡುವುದು ವಿದ್ಯಾರ್ಥಿಗಳ ಇಚ್ಛೆಗೆ ಬಿಟ್ಟದ್ದಾಗಿತ್ತು. ಅವನು ಬರಲಿಲ್ಲ, ಹೆಸರು ಮಾತ್ರ ಬರುತ್ತಿತ್ತು. ನಾನು ಹಾಜರಿ ಹಾಕುತ್ತಿದ್ದೆ. ಎರಡನೆಯ ಅಲೆ ಬಂದುಹೋಗಿ 2021ರ ಜುಲೈ ಕೊನೆಯಲ್ಲಿ ಕಾಲೇಜು ಮತ್ತೆ ತೆರೆದಾಗ ಅವನು ಯಾವುದೋ ಅರ್ಜಿಗೆ ನನ್ನ ಸಹಿ ಹಾಕಿಸಲು ಬಂದ. ಅಂಗೈ ಗಟ್ಟಿಕಟ್ಟಿದ್ದವು. ವಿಚಾರಿಸಿದೆ. ಅವನ ತಂದೆ ಹೋಟೆಲಿನಲ್ಲಿ ಅಡುಗೆಯವರು. ಹೋಟೆಲು ಮುಚ್ಚಿದ ಮೇಲೆ ಕೆಲಸ ಹೋಯಿತು. ಇವನು ಆ ವರ್ಷವೆಲ್ಲ ತರಕಾರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಮೊಬೈಲು ಅಂಗಿಯ ಜೇಬಿನಲ್ಲಿ, ಒಂದು ಕಿವಿಯಲ್ಲಿ ನನ್ನ ಪಾಠ.

ನನಗೆ ಮೊದಲು ಬಂದದ್ದು ಕೋಪ. ಹಾಗಾದರೆ ನೀನು ತರಗತಿಯಲ್ಲಿ ಇರಲೇ ಇಲ್ಲವಲ್ಲ, ಸುಳ್ಳು ಹಾಜರಿ ತೆಗೆದುಕೊಂಡೆಯಲ್ಲ ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಒಂದು ಕೇಳಬೇಕು ಅಂತಿದ್ದೆ ಸಾರ್” ಎಂದ. “ಸತ್ತವರನ್ನೆಲ್ಲ ಅಷ್ಟು ಪ್ರೀತಿಯಿಂದ ಮಾತನಾಡಿಸುವವನು, ಅವರು ಬದುಕಿದ್ದಾಗ ಹೇಳಿದ ಮಾತನ್ನು ಯಾಕೆ ಕೇಳಲಿಲ್ಲ?” ಅಷ್ಟು ವರ್ಷಗಳಲ್ಲಿ ಮೊದಲ ಬೆಂಚಿನವರು ಯಾರೂ ಕೇಳದಿದ್ದ ಪ್ರಶ್ನೆ ಅದು. ನಾನು ಏನೋ ಉತ್ತರ ಹೇಳಿದೆ. ಅದು ಸಮರ್ಪಕವಾಗಿರಲಿಲ್ಲವೆಂದು ಹೇಳುತ್ತಿರುವಾಗಲೇ ಗೊತ್ತಿತ್ತು.

ಅವನು ಅಲ್ಲಿದ್ದನೋ ಇಲ್ಲವೋ? ದೇಹ ಮಂಡಿಯಲ್ಲಿತ್ತು, ಮನಸ್ಸು ರಣರಂಗದಲ್ಲಿತ್ತು. ಗದಾಯುದ್ಧದಲ್ಲೇ ಮುಂದೆ, ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಅಡಗಿರುತ್ತಾನೆ. ಭೀಮನ ಗರ್ಜನೆ ನೀರಿನ ಆಳಕ್ಕೂ ಇಳಿಯುತ್ತದೆ. ಅಡಗಿದವನ ಮೈ ಬೆವರುತ್ತದೆ, ಅವನು ಎದ್ದುಬರುತ್ತಾನೆ. ತಟ್ಟುವ ಮಾತಿಗೆ ನೀರು ಅಡ್ಡವಲ್ಲ, ಮಂಡಿಯ ಗಲಾಟೆಯೂ ಅಡ್ಡವಲ್ಲ. ಆದರೆ ಅವನು ಆಡಿದ ಇನ್ನೊಂದು ಮಾತನ್ನೂ ಹೇಳಬೇಕು. “ಕ್ಲಾಸಿನಲ್ಲಿ ಕೂತು ಕೇಳಿದ್ದರೆ ಇನ್ನೂ ಚೆನ್ನಾಗಿ ತಿಳೀತಿತ್ತು ಸಾರ್.” ಬಡತನದಲ್ಲಿ ಕಲಿತದ್ದನ್ನು ಹೊಗಳಿ ಬಡತನವನ್ನು ಮರೆಯುವ ಚಾಳಿ ನಮ್ಮಂಥವರಿಗಿದೆ. ಅವನಿಗೆ ಆ ಚಾಳಿ ಇರಲಿಲ್ಲ.

ಮುಂದಿನ ವರ್ಷ ತರಗತಿಗಳು ಎಂದಿನಂತೆ ನಡೆದವು. ಹೆಸರು ಬಂದರೆ ಸಾಲದು, ದೇಹವೂ ಬರಬೇಕಾಯಿತು. ಅವನಿಗೆ ಮಂಡಿಯ ಕೆಲಸ ಬಿಡುವಂತಿರಲಿಲ್ಲ. ಅವಧಿಯ ಕೊನೆಯಲ್ಲಿ ಹಾಜರಿ ಕಡಿಮೆಯಾದವರ ಪಟ್ಟಿ ಸಿದ್ಧವಾದಾಗ ಅವನ ಹೆಸರು ಅದರಲ್ಲಿತ್ತು, ಪಟ್ಟಿಯ ಕೆಳಗೆ ನನ್ನ ಸಹಿಯೂ ಇತ್ತು. ನಿಯಮದ ಪ್ರಕಾರ ತಪ್ಪೇನೂ ಇಲ್ಲ. ಅಧಿಕಾರಿಗಳ ಹತ್ತಿರ ಹೋಗಿ ಅವನ ಪರವಾಗಿ ಎರಡು ಮಾತು ಆಡಬಹುದಾಗಿತ್ತು. ಆಡಿದ್ದರೆ ಏನಾಗುತ್ತಿತ್ತೋ ತಿಳಿಯದು. ಪರೀಕ್ಷಾ ಕೆಲಸದ ಗಡಿಬಿಡಿಯಲ್ಲಿ ನಾನು ಆಡಲಿಲ್ಲ. ಆಮೇಲೆ ಅವನು ಕಾಲೇಜಿಗೆ ಬರಲಿಲ್ಲ.

ತೆರೆಯ ಮೇಲಿನ ಪಾಠ ಅವನನ್ನು ಒಂದು ವರ್ಷ ವಿದ್ಯಾರ್ಥಿಯಾಗಿ ಉಳಿಸಿತು. ಕೊಠಡಿ ಅವನನ್ನು ಹೊರಗೆ ಕಳಿಸಿತು. ಹಾಗೆಯೇ ತೆರೆಯ ಮೇಲೆ ಹತ್ತು ತಿಂಗಳು ನಾನು ಅವನ ವಿಷಯ ಏನನ್ನೂ ತಿಳಿಯಲಿಲ್ಲ. ಎದುರಿಗೆ ನಿಂತ ಎರಡು ನಿಮಿಷದಲ್ಲಿ ಅಂಗೈ ಕಂಡಿತು. ಇವೆರಡೂ ಒಟ್ಟಿಗೆ ನಿಜವಾಗಿರುವಾಗ ಯಾವುದು ಮೇಲೆಂದು ತೀರ್ಪು ಕೊಡುವುದು ಹೇಗೆ? ಒಂದು ಮಾತ್ರ ಸ್ಪಷ್ಟ. ಸುಳ್ಳು ಹಾಜರಿ ಎಂದು ನಾನು ಅವನನ್ನು ಗದರಿಸಿದೆನಷ್ಟೆ. ಹೆಸರಿನ ಹಿಂದೆ ಯಾರಿದ್ದಾರೆಂದು ಒಂದು ದಿನವೂ ಕೇಳದೆ ಹತ್ತು ತಿಂಗಳು ಹಾಜರಿ ಹಾಕಿದವನು ನಾನು. ಆ ಲೆಕ್ಕದಲ್ಲಿ ಗೈರುಹಾಜರಿ ಯಾರ ಹೆಸರಿಗೆ ಬೀಳಬೇಕು?

ಈಗ ಏಕಲವ್ಯನ ಕಥೆಗೆ ಬರುತ್ತೇನೆ. ಅದನ್ನು ಹೇಳುವಾಗ ನಾವು ಶಿಷ್ಯನ ಶ್ರದ್ಧೆಯನ್ನು ಕೊಂಡಾಡುತ್ತೇವೆ, ಬೆರಳು ಹೋದದ್ದಕ್ಕೆ ಮರುಗುತ್ತೇವೆ. ಅದರಲ್ಲಿ ಅಧ್ಯಾಪಕ ವೃತ್ತಿಗೆ ಸಂಬಂಧಿಸಿದ ಇನ್ನೊಂದು ನ್ಯಾಯವಿದೆ. ದ್ರೋಣ ಅವನಿಗೆ ಕಲಿಸಲಿಲ್ಲ, ಅವನ ಬಳಿ ಇರಲಿಲ್ಲ. ಆದರೂ ದಕ್ಷಿಣೆ ಕೇಳಿದ. ತಾನು ಕೊಡದೆ ಹೋದ ಸಾನ್ನಿಧ್ಯಕ್ಕೆ ಬೆಲೆ ಕೇಳಿದ್ದೇ ಅಲ್ಲಿಯ ಅನ್ಯಾಯ. ಶೇಕಡ 75 ಎನ್ನುವುದೂ ಒಂದು ದಕ್ಷಿಣೆಯೇ. ಬೆರಳಿಗಿಂತ ಸಣ್ಣದಿರಬಹುದು. ಆದರೆ ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲಿ ಕಳೆಯುವ ಹುಡುಗಿಗೆ, ಒಂದು ದಿನದ ಕೂಲಿ ಬಿಟ್ಟುಬರುವ ಹುಡುಗನಿಗೆ ಅದು ಸಣ್ಣದಲ್ಲ. ಅವರ ದೇಹವನ್ನು ಈ ಕೊಠಡಿಗೆ ಬರಹೇಳುವ ನೈತಿಕ ಅಧಿಕಾರ ನನಗೆ ಬರುವುದು, ಕಳಿಸಲಾರದಂಥದೊಂದು ಈ ಕೊಠಡಿಯಲ್ಲಿ ನಡೆಯುವುದಾದರೆ ಮಾತ್ರ. ಇಪ್ಪತ್ತು ವರ್ಷದ ಹಳೆಯ ಹಾಳೆಯನ್ನು ತೆಗೆದು ನೋಟ್ಸ್ ಬರೆಸುವ ದಿನ ನಾನೂ ಮಣ್ಣಿನ ದ್ರೋಣನೇ. ಮಣ್ಣಿನ ದ್ರೋಣ ಕಾಡಿನಲ್ಲಿದ್ದರೂ ಒಂದೇ, ಕಾಲೇಜಿನಲ್ಲಿದ್ದರೂ ಒಂದೇ.

ಇಷ್ಟು ಹೇಳಿದ ಮೇಲೆ ವಿದ್ಯಾರ್ಥಿಗಳಿಗೂ ಒಂದು ಮಾತು ಹೇಳುವ ಹಕ್ಕು ಉಳಿದಿದೆ ಎಂದುಕೊಳ್ಳುತ್ತೇನೆ. ಮನೆಯಲ್ಲಿ ತಮಗೊಂದು ಕೋಣೆ, ಒಳ್ಳೆಯ ಮೊಬೈಲು, ತೊಂದರೆ ಕೊಡದ ಹಿರಿಯರು ಇರುವ ಕೆಲವರು, “ಬರುವುದೂ ಬಿಡುವುದೂ ನನ್ನ ಸ್ವಂತ ವಿಚಾರ, ಬೇರೆಯವರಿಗೇನು?” ಎಂದು ಬರೆದಿದ್ದರು. ಇದು ಕೇಳುವುದಕ್ಕೆ ನ್ಯಾಯವಾಗಿದೆ. ಆದರೆ ತರಗತಿ ಎಂಬುದು ಒಬ್ಬೊಬ್ಬರು ಕೊಂಡುಕೊಳ್ಳುವ ಪದಾರ್ಥವಲ್ಲ. ಹತ್ತು ಮಂದಿ ಸೇರಿ ಎಳೆಯುವ ತೇರು. ನೀನು ಕೇಳಬಹುದಾಗಿದ್ದ ಪ್ರಶ್ನೆಯಿಂದ ಪಕ್ಕದವನಿಗೆ ಅರ್ಥವಾಗಬಹುದಿತ್ತು. ನಿನ್ನ ತಪ್ಪು ಉತ್ತರದಿಂದ ಇನ್ನೊಬ್ಬನಿಗೆ ಧೈರ್ಯ ಬರಬಹುದಿತ್ತು. ಅನುಕೂಲವಿರುವವರೆಲ್ಲ ಒಬ್ಬೊಬ್ಬರಾಗಿ ಹಗ್ಗ ಬಿಟ್ಟರೆ ತೇರು ಬೀದಿಯ ನಡುವೆ ನಿಲ್ಲುತ್ತದೆ.

ಹಾಗೆ ನಿಂತ ದಿನ ನಷ್ಟವಾಗುವುದು ಯಾರಿಗೆ? “ಆ ಒಂದು ಗಂಟೆ ಮಾತ್ರ ನನ್ನದು” ಎಂದು ಬರೆದಳಲ್ಲ, ಅವಳಿಗೆ. ಇದು ಬರಿಯ ಕಲ್ಪನೆಯ ಭಯವಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಸ್ವಯಂ’ ಎಂಬ ಜಾಲದ ಪಾಠಗಳನ್ನು ಪದವಿಗೆ ಲೆಕ್ಕ ಹಿಡಿಯಬಹುದು. ಒಂದು ಅವಧಿಯ ವಿಷಯಗಳಲ್ಲಿ ಎಷ್ಟು ಪಾಲನ್ನು ಹಾಗೆ ಕಲಿಯಬಹುದೆಂದರೆ, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2016ರ ನಿಯಮದಲ್ಲಿ ಶೇಕಡ 20 ಇದ್ದದ್ದು 2021ರ ನಿಯಮದಲ್ಲಿ ಶೇಕಡ 40 ಆಯಿತು. ಆ ಪಾಠಗಳಲ್ಲಿ ಒಳ್ಳೆಯವು ಬೇಕಾದಷ್ಟಿವೆ. ನಮ್ಮೂರಿನ ಕಾಲೇಜಿನಲ್ಲಿ ಹೇಳುವವರೇ ಇಲ್ಲದ ವಿಷಯವನ್ನು ದೊಡ್ಡ ವಿದ್ವಾಂಸರಿಂದ ಕೇಳಬಹುದು. ದಾರಿ ತೆರೆದದ್ದು ಒಳ್ಳೆಯದೇ. ಆದರೆ ತೆರೆದ ದಾರಿಯಲ್ಲಿ ನಡೆಯುವವರು ಹೆಚ್ಚಿದ ಹಾಗೆ ಹಳೆಯ ದಾರಿಯಲ್ಲಿ ಹುಲ್ಲು ಬೆಳೆಯುತ್ತದೆ. ವಿದ್ಯಾರ್ಥಿಗಳಿಗೇ ಬೇಡವಾದ ಮೇಲೆ ಕೊಠಡಿಯೇಕೆ, ಅಧ್ಯಾಪಕನೇಕೆ ಎಂದು ಖರ್ಚಿನ ಲೆಕ್ಕ ನೋಡುವವರು ಕೇಳಿದರೆ ಯಾರು ಉತ್ತರ ಹೇಳಬೇಕು? ಕೋಣೆಯಿರುವವನು ಕೋಣೆಯಲ್ಲಿರುತ್ತಾನೆ. ಬೆಂಚನ್ನು ಬಿಟ್ಟರೆ ಬೇರೆ ಜಾಗವಿಲ್ಲದವಳು ಮತ್ತೆ ಒಲೆಯ ಮುಂದೆ, ಒಂದು ಕಿವಿಯಲ್ಲಿ ಪಾಠ ಕೇಳುತ್ತಾ ನಿಲ್ಲುತ್ತಾಳೆ. ಆದ್ದರಿಂದ, ಬರಬಲ್ಲವನು ಬರುವುದು ಬರಲೇಬೇಕಾದವಳಿಗೆ ಮಾಡುವ ಉಪಕಾರ. ಬರಲಾರದವನಿಗೆ ದಾರಿಯೊಂದನ್ನು ತೆರೆದಿಡುವುದು ನಾವು ಅಧ್ಯಾಪಕರು ಮಾಡಬೇಕಾದ ನ್ಯಾಯ. ಇವೆರಡರಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ವಾದವನ್ನು ನಾನು ಒಪ್ಪಲಾರೆ. ಆ ಮಂಡಿಯ ಹುಡುಗ ಅದನ್ನು ಒಪ್ಪಗೊಡುವುದಿಲ್ಲ.

ಪ್ರಬಂಧಗಳನ್ನು ಹಿಂದಿರುಗಿಸಿದ ದಿನ ಅವರಿಗೆ ಎರಡು ಮಾತು ಕೊಟ್ಟೆ. ಬರೆಸುವ ನೋಟ್ಸನ್ನೆಲ್ಲ ಇನ್ನು ಮುಂದೆ ಮೊದಲೇ ಅವರ ಮೊಬೈಲಿಗೆ ಕಳಿಸುತ್ತೇನೆ. ತರಗತಿಯ ಹೊತ್ತು ಮಾತಿಗೆ ಮಾತ್ರ. ಪ್ರಶ್ನೆಯನ್ನು ಎದ್ದುನಿಂತು ಕೇಳಲಾರದವರು ಬರೆದು ಕಳಿಸಬಹುದು. ಹೆಸರು ಹೇಳದೆ ಅದನ್ನು ತರಗತಿಯಲ್ಲಿ ಓದುತ್ತೇನೆ. ತೊದಲುವ ಹುಡುಗನ ಪ್ರಶ್ನೆಗಳು ಅಂದಿನಿಂದ ಬರುತ್ತಿವೆ. ಕೆಲವು ಬಹಳ ಕಷ್ಟದವು. ನಾನೇ ಈಗ ರಾತ್ರಿ ಓದಬೇಕಾಗಿದೆ.

ಇನ್ನೊಂದು ಸಣ್ಣ ಬದಲಾವಣೆಯನ್ನು ಅವರಿಗೆ ಹೇಳದೆಯೇ ಮಾಡಿದೆ. ಕ್ರಮಾಂಕ ಕೂಗುವುದನ್ನು ಬಿಟ್ಟು ಹೆಸರು ಹಿಡಿದು ಕರೆಯುತ್ತಿದ್ದೇನೆ, ಕರೆದವರ ಮುಖ ನೋಡುತ್ತಿದ್ದೇನೆ. ಇದರಿಂದ ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ಮೊನ್ನೆ ಹೀಗೆ ಒಂದು ಹೆಸರು ಕರೆದೆ. ಕೊಠಡಿಯ ಎರಡು ಮೂಲೆಗಳಿಂದ ಎರಡು ಧ್ವನಿಗಳು ಒಟ್ಟಿಗೆ “ಎಸ್ ಸಾರ್” ಎಂದವು. ಗೆಳೆಯನೊಬ್ಬನಿಗಾಗಿ ಇಬ್ಬರು, ಒಬ್ಬರಿಗೊಬ್ಬರು ತಿಳಿಯದಂತೆ, ಓಗೊಟ್ಟಿದ್ದರು. ಅಷ್ಟರಲ್ಲಿ ಆ ಗೆಳೆಯನೇ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದ. ಒಂದು ಕ್ಷಣ ನಿಶ್ಶಬ್ದ. ಆಮೇಲೆ ತರಗತಿಯೆಲ್ಲ ನಕ್ಕಿತು, ನನಗೂ ತಡೆಯಲಾಗಲಿಲ್ಲ. ಪಕ್ಕದ ಕೊಠಡಿಯ ಸಹೋದ್ಯೋಗಿಗಳು ಬಂದು ಇಣುಕಿದರು.

ಆ ನಗು ನನಗೆ ಕೇಳಿಸಿತು.